ಪತ್ರಾ ತೆಳ್ಳಗ ಐತಿ, ಇರ್ಲಿ ಬಿಡ್ರಿ

ಬೆಳಗಾವಿಯಲ್ಲಿ ಹೊಸ ಎಸ್‌ಯುವಿ ನೋಡಲು ಹೋದವರು ಬ್ರೋಶರ್ ಕೈಗೆ ತಗೊಳ್ಳುವ ಮೊದಲೇ ಬಾನೆಟ್ ಮೇಲೆ ಹೆಬ್ಬೆರಳು ಒತ್ತುತ್ತಾರೆ. ಆಮೇಲೆ ಗೆಣ್ಣಿನಿಂದ ಬಾಗಿಲು ಬಡಿಯುತ್ತಾರೆ. ಕೊನೆಗೆ ಬಾಗಿಲು ತೆಗೆದು, ಜೋರಾಗಿ ಹಾಕಿ, ಸದ್ದು ಕೇಳುತ್ತಾರೆ. ಮೈಲೇಜು, ಇಎಂಐ ಎಲ್ಲಾ ಅದರ ನಂತರ.

ಮೊನ್ನೆ ಕಾಕಾನ ಜೊತೆ ಹೆದ್ದಾರಿ ಬದಿಯ ಶೋರೂಮಿಗೆ ಹೋದಾಗಲೂ ಇದೇ ಆಯಿತು. ಗಾಡಿ ನಿಜಕ್ಕೂ ಚಂದ ಇತ್ತು. ಎದೆಮಟ್ಟದ ಬಾನೆಟ್, ತಲೆ ಮೇಲೆ ಉದ್ದಕ್ಕೂ ಗಾಜು, ಸೀಟಿಗೆ ಇನ್ನೂ ಬಿಚ್ಚದ ಪ್ಲಾಸ್ಟಿಕ್. ಕಾಕಾ ಇದ್ಯಾವುದನ್ನೂ ನೋಡಲಿಲ್ಲ. ನೇರ ಹೋಗಿ ಬಾನೆಟ್ ಒತ್ತಿದರು. ತಗಡು ತುಸು ತಗ್ಗಿತು.

“ಏನಪಾ ಇದು, ಪತ್ರಾ ಒಳಗ ಹೋಗ್ತೈತಲ್ಲ!”

“ಗುದ್ದಿಸಿ ನೋಡೋ ಟೆಸ್ಟಿನ್ಯಾಗ ಫೈವ್ ಸ್ಟಾರ್ ಐತ್ರಿ ಸರ್,” ಅಂದ ಸೇಲ್ಸ್ ಹುಡುಗ.

“ಸ್ಟಾರ್ ಇರ್ಲಿ. ಪತ್ರಾ ಎಲ್ಲೈತಿ?”

ಕಾಕಾನನ್ನು ಸುಮ್ನೆ ನಗಾಡುವ ಹಾಗಿಲ್ಲ. ಅವರು ಉದ್ಯಮಬಾಗದ ಫೌಂಡ್ರಿಯಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವರು. ಅಲ್ಲಿ ಬಡಿದು ನೋಡುವುದು ಒಂದು ವಿದ್ಯೆ. ಎಸ್‌.ಜಿ. ಐರನ್ ಅನ್ನುವ ಎರಕದ ಕಬ್ಬಿಣದ ಒಳ್ಳೆಯ ಕಾಸ್ಟಿಂಗ್‌ಗೆ ಸುತ್ತಿಗೆಯಿಂದ ತಟ್ಟಿದರೆ ಠಣ್ ಅನ್ನುತ್ತದೆ. ಒಳಗೆ ಬಿರುಕಿದ್ದರೆ ಸದ್ದು ಅಲ್ಲೇ ಸಾಯುತ್ತದೆ. ಗ್ರೇ ಐರನ್ ಅನ್ನುವ ಇನ್ನೊಂದು ಜಾತಿ ಬಿರುಕಿಲ್ಲದಿದ್ದರೂ ಮಂದವಾಗಿಯೇ ಸದ್ದು ಮಾಡುತ್ತದೆ. ಅದರೊಳಗಿನ ಗ್ರಾಫೈಟ್ ಪದರ ಪದರವಾಗಿ ಇರುವುದರಿಂದ ಕಂಪನವನ್ನು ನುಂಗಿಬಿಡುತ್ತದೆ. ಎಸ್‌.ಜಿ.ಯಲ್ಲಿ ಅದೇ ಗ್ರಾಫೈಟ್ ಸಣ್ಣ ಗುಂಡುಗಳಾಗಿರುತ್ತದೆ. ಇಷ್ಟನ್ನೂ ಕಾಕಾನ ಕಿವಿ ಹೇಳುತ್ತದೆ.

ತಮಾಷೆ ಏನಂದ್ರೆ, ಫೌಂಡ್ರಿಯಲ್ಲಿ ಠಣ್ ಅಂದರೆ ಸಂತೋಷಪಡುವ ಮನುಷ್ಯ ಶೋರೂಮಿನಲ್ಲಿ ಬಾಗಿಲು ಧಪ್ ಅಂದರೆ ತಲೆದೂಗುತ್ತಾನೆ. ಆ ಧಪ್ ಬರುವುದು ದಪ್ಪ ತಗಡಿನಿಂದ ಅಲ್ಲ. ಬಾಗಿಲಿನ ಒಳಮೈಗೆ ಡಾಂಬರಿನ ಜಾತಿಯ ಹಾಳೆ ಅಂಟಿಸಿರುತ್ತಾರೆ, ತಗಡು ನಡುಗದಂತೆ. ಸುತ್ತ ರಬ್ಬರ್ ಬೀಡಿಂಗ್ ಇರುತ್ತದೆ. ಲಾಕಿನ ಕೊಂಡಿಗೆ ಪ್ಲಾಸ್ಟಿಕ್ ಹೊದಿಕೆ. ಈ ಸದ್ದನ್ನು ಹದ ಮಾಡುವುದಕ್ಕೇ ಕಂಪನಿಗಳಲ್ಲಿ ಎಂಜಿನಿಯರುಗಳಿದ್ದಾರೆ. ಪಕ್ಕದಿಂದ ಇನ್ನೊಂದು ಗಾಡಿ ಬಂದು ಗುದ್ದಿದರೆ ತಡೆಯುವುದು ಬಾಗಿಲಿನೊಳಗೆ ಅಡ್ಡಲಾಗಿ ಹಾಕಿದ ಉಕ್ಕಿನ ಬೀಮು. ಅದು ಕಣ್ಣಿಗೂ ಕಾಣಲ್ಲ, ಕಿವಿಗೂ ಸಿಗಲ್ಲ.

ಹೊರಗಿನ ಪತ್ರಾ ಬರೀ ಚರ್ಮ. ಹೆಚ್ಚುಕಮ್ಮಿ 0.7 ಮಿಲಿಮೀಟರು. ಬಾನೆಟ್ ಮೆತ್ತಗಿರುವುದಕ್ಕಂತೂ ಒಳ್ಳೆಯ ಕಾರಣ ಇದೆ. ಅಡ್ಡ ಬಂದ ಮನುಷ್ಯನಿಗೆ ಗಾಡಿ ತಾಗಿದರೆ ಅವನ ತಲೆ ಬಂದು ಬಡಿಯುವುದು ಬಹಳ ಸಲ ಅಲ್ಲೇ. ತಗಡು ತಗ್ಗಬೇಕು, ಅದರ ಕೆಳಗೆ ಎಂಜಿನ್ನಿಗೆ ಮುಂಚೆ ಒಂದಿಷ್ಟು ಜಾಗ ಇರಬೇಕು. ಎಲುಬು ಇರುವುದು ಒಳಗೆ. ಗಾಜಿನ ಅಕ್ಕಪಕ್ಕದ ಕಂಬಗಳು, ಎರಡು ಬಾಗಿಲುಗಳ ನಡುವಿನ ಕಂಬ. ಈಗಿನ ಹಲವು ಗಾಡಿಗಳಲ್ಲಿ ಇವನ್ನು ಬೋರಾನ್ ಸೇರಿಸಿದ ಉಕ್ಕಿನಿಂದ ಮಾಡುತ್ತಾರೆ. ಹಾಳೆಯನ್ನು 900 ಡಿಗ್ರಿ ದಾಟಿಸಿ ಕಾಯಿಸಿ, ಕೆಂಪಗಿರುವಾಗಲೇ ಅಚ್ಚಿನಲ್ಲಿ ಒತ್ತಿ, ಅಚ್ಚಿನೊಳಗೇ ತಟ್ಟನೆ ತಣಿಸುತ್ತಾರೆ. ಬಲ ಸಾಮಾನ್ಯ ತಗಡಿನ ಹಲವು ಪಟ್ಟಾಗುತ್ತದೆ. 1970ರ ದಶಕದಲ್ಲಿ ಸ್ವೀಡನ್ನಿನಲ್ಲಿ ಈ ವಿಧಾನ ಹುಟ್ಟಿದ್ದು ಕಾರಿಗಾಗಿ ಅಲ್ಲ, ಗರಗಸ ಮತ್ತು ಹುಲ್ಲು ಕತ್ತರಿಸುವ ಬ್ಲೇಡುಗಳಿಗಾಗಿ. 1984ರಲ್ಲಿ ಸಾಬ್ ಕಂಪನಿ ಅದನ್ನು ಕಾರಿಗೆ ತಂದಿತು.

ಹಂಗಾದ್ರೆ ಇಡೀ ಗಾಡಿಯನ್ನೇ ಅಷ್ಟು ಗಟ್ಟಿ ಮಾಡಿಬಿಟ್ಟರೆ ಆಯ್ತಲ್ಲ? ಇದು ಕಾಕಾನ ಪ್ರಶ್ನೆ. ನನಗೆ ತುಂಬಾ ಇಷ್ಟವಾದ ವಿಷಯ ಶುರುವಾಗುವುದೂ ಇಲ್ಲೇ.

ನಮ್ಮ ಕಡೆ ಕುಸ್ತಿ ಕಣ ನೋಡಿದವರಿಗೆ ಉತ್ತರ ಗೊತ್ತೇ ಇದೆ. ಪೈಲ್ವಾನರು ಆಡುವ ಮೊದಲು ಕೆಂಪು ಮಣ್ಣನ್ನು ಅಗೆದು ಸಡಿಲ ಮಾಡುತ್ತಾರೆ. ಮಜ್ಜಿಗೆ, ಎಣ್ಣೆ, ಅರಿಶಿನ, ನಿಂಬೆರಸ ಕಲಸಿ ಮೆತ್ತಗಿಡುತ್ತಾರೆ. ಎತ್ತಿ ಒಗೆದಾಗ ಬೆನ್ನು ನಾಲ್ಕು ಬೆರಳು ಮಣ್ಣಿಗೆ ಇಳಿಯುತ್ತದೆ. ಆ ನಾಲ್ಕು ಬೆರಳೇ ಪಕ್ಕೆಲುಬು ಉಳಿಸುವುದು. ಅದೇ ಮನುಷ್ಯನನ್ನು ಶಹಾಬಾದಿ ಫರಸಿ ಮೇಲೆ ಒಗೆದರೆ? ಎತ್ತರ ಅದೇ, ತೂಕವೂ ಅದೇ. ನಿಲ್ಲಲು ಸಿಕ್ಕ ದೂರ ಮಾತ್ರ ಬೇರೆ. ಕಾರಿನ ಮೂತಿ ಆ ಮಣ್ಣಿನ ಕೆಲಸ ಮಾಡುತ್ತದೆ.

ಲೆಕ್ಕ ನೋಡಿ. ಗಾಡಿ 64 ಕಿಲೋಮೀಟರು ವೇಗದಲ್ಲಿದೆ, ಅಂದರೆ ಸೆಕೆಂಡಿಗೆ ಸುಮಾರು 17.8 ಮೀಟರು. ಮೂತಿ 60 ಸೆಂಟಿಮೀಟರು ಒಳಗೆ ಹೋಗಿ ಗಾಡಿ ನಿಂತರೆ, ಒಳಗಿದ್ದವರ ಮೇಲೆ ಸರಾಸರಿ ಅವರ ತೂಕದ 27 ಪಟ್ಟು ಬಲ ಬೀಳುತ್ತದೆ. 70 ಕಿಲೋ ಮನುಷ್ಯನಿಗೆ ಸುಮಾರು 1,900 ಕಿಲೋ. ಬೆಲ್ಟ್ ಇದ್ದರೆ, ಅಷ್ಟು ಕಡಿಮೆ ಹೊತ್ತಿಗೆ, ದೇಹ ಇದನ್ನು ತಡೆದುಕೊಳ್ಳಬಲ್ಲದು. ಮೂತಿ ಭಾಳ ಗಟ್ಟಿ ಇದ್ದು 10 ಸೆಂಟಿಮೀಟರಿಗೇ ನಿಂತರೆ? 160 ಪಟ್ಟು. ಹನ್ನೊಂದು ಸಾವಿರ ಕಿಲೋ ದಾಟುತ್ತದೆ. ಗಾಡಿ ಅಷ್ಟೇನೂ ಜಖಂ ಆಗಿರುವುದಿಲ್ಲ. ಒಳಗಿದ್ದವರು ಮಾತ್ರ ಉಳಿದಿರುವುದಿಲ್ಲ. ಅದಕ್ಕೇ ಮೂತಿ ಮುದುಡಬೇಕು, ಜನ ಕೂರುವ ಪಂಜರ ಮುದುಡಬಾರದು. ಒಂದೇ ಗಾಡಿಯಲ್ಲಿ ಎರಡು ತದ್ವಿರುದ್ಧ ಗುಣ.

ಇದನ್ನು ಸ್ಪಷ್ಟವಾಗಿ ಯೋಚಿಸಿದವನು ಬೇಲಾ ಬರೇನಿ ಎಂಬ ಎಂಜಿನಿಯರು. 1907ರಲ್ಲಿ ವಿಯೆನ್ನಾ ಹತ್ತಿರ ಹುಟ್ಟಿದವನು. ವಿದ್ಯಾರ್ಥಿಯಾಗಿದ್ದಾಗಲೇ, 1925ರಲ್ಲಿ, ಮುಂದೆ ಬಂದ ಫೋಕ್ಸ್‌ವ್ಯಾಗನ್ ಬೀಟಲ್‌ನ ಮೂಲ ಕಲ್ಪನೆಯನ್ನು ಗೀಚಿದ್ದ. ಅದು ತನ್ನದೇ ಎಂದು ಸಾಬೀತು ಮಾಡಲು 1950ರ ದಶಕದಲ್ಲಿ ಕೋರ್ಟಿಗೆ ಹೋಗಿ ಗೆದ್ದ. ಅದು ಬೇರೆಯೇ ಕತೆ, ಇರಲಿ. 1939ರಲ್ಲಿ ಮರ್ಸಿಡಿಸ್ ಕಾರು ಮಾಡುತ್ತಿದ್ದ ಡೈಮ್ಲರ್-ಬೆನ್ಜ್ ಸೇರಿದ. ಮುಂದೆ ಹಿಂದೆ ಮುದುಡುವ ಭಾಗ, ನಡುವೆ ಗಟ್ಟಿ ಪಂಜರ ಎಂಬ ಪೇಟೆಂಟಿಗೆ 1951ರಲ್ಲಿ ಅರ್ಜಿ ಹಾಕಿದ. 1959ರಲ್ಲಿ ಮರ್ಸಿಡಿಸ್ ಆ ವಿನ್ಯಾಸದ ಕಾರನ್ನು ಮಾರುಕಟ್ಟೆಗೆ ತಂದಿತು. ಅದೇ 1959ರಲ್ಲಿ ವೋಲ್ವೊ ಕಾರಿಗೆ ನಿಲ್ಸ್ ಬೋಲಿನ್ ಮೂರು ಪಾಯಿಂಟಿನ ಸೀಟ್ ಬೆಲ್ಟ್ ಕೊಟ್ಟ. ಅದಕ್ಕೂ ಮೊದಲು ಅವನ ಕೆಲಸ ವಿಮಾನದಿಂದ ಪೈಲಟನ್ನು ಹೊರಗೆ ಚಿಮ್ಮಿಸುವ ಸೀಟು ಮಾಡುವುದು. ವೋಲ್ವೊ ಆ ಪೇಟೆಂಟನ್ನು ಎಲ್ಲ ಕಂಪನಿಗಳಿಗೂ ಬಿಟ್ಟುಕೊಟ್ಟಿತು.

“ನಮ್ಮ ಅಂಬಾಸಿಡರ್ ಪತ್ರಾ ನೋಡಿದ್ದೇನು ನೀ? ಗುದ್ದಿದ್ರ ಗ್ವಾಡಿನ ಬೀಳತಿತ್ತು” ಅಂದರು ಕಾಕಾ. ಗೋಡೆ ಬೀಳುತ್ತಿತ್ತೋ ಏನೋ. ಒಳಗಿದ್ದವರ ಗತಿ ಏನು ಅನ್ನುವುದಕ್ಕೆ 2009ರ ಒಂದು ಪರೀಕ್ಷೆ ಇದೆ. ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆಯವರು 1959ರ ಷೆವ್ರೊಲೆ ಬೆಲ್ ಏರ್ ಕಾರನ್ನು 2009ರ ಷೆವ್ರೊಲೆ ಮಾಲಿಬು ಕಾರಿಗೆ ಎದುರಾಬದುರು, ಗಂಟೆಗೆ 64 ಕಿಲೋಮೀಟರಿನಲ್ಲಿ ಗುದ್ದಿಸಿದರು. ಹಳೇ ಉಕ್ಕಿನ ಆನೆಯ ಪಂಜರವೇ ಕುಸಿಯಿತು. ಸ್ಟೀರಿಂಗ್ ಬಂದು, ಮನುಷ್ಯನ ಬದಲು ಕೂರಿಸಿದ್ದ ಗೊಂಬೆಯ ಮೇಲೆ ಕೂತಿತು. ಹೊಸ ಕಾರಿನ ಮೂತಿ ಪುಡಿಪುಡಿ, ಒಳಗಿನ ಗೊಂಬೆಗೆ ಕಾಲಿಗೆ ಮಾತ್ರ ತುಸು ಪೆಟ್ಟು. ವಿಡಿಯೋ ತೋರಿಸಿದೆ. ಕಾಕಾ ಎರಡನೇ ಸಲ ಹಾಕಲು ಹೇಳಿದರು.

ಚಾಸಿ, ಅಂದರೆ ಅಡಿಯಲ್ಲಿ ಬೇರೆಯೇ ಉಕ್ಕಿನ ಚೌಕಟ್ಟು, ಇರುವ ಗಾಡಿಯೇ ಗಟ್ಟಿ ಅನ್ನುವ ವಾದವೂ ಹೀಗೆಯೇ. ಚಾಸಿ ಮೇಲೆ ಕೂರಿಸಿದ ಸ್ಕಾರ್ಪಿಯೋ-ಎನ್ ದೊಡ್ಡವರ ಸುರಕ್ಷತೆಯಲ್ಲಿ ಐದು ಸ್ಟಾರ್ ತಗೊಂಡಿದೆ, ಚಾಸಿ ಇಲ್ಲದ ಹ್ಯಾರಿಯರ್ ಕೂಡ ಐದೇ ತಗೊಂಡಿದೆ. 2023ರ ಅಕ್ಟೋಬರಿನಲ್ಲಿ ಶುರುವಾದ, ಗಾಡಿ ಗುದ್ದಿಸಿ ಸ್ಟಾರ್ ಕೊಡುವ ಭಾರತ್ ಎನ್‌ಕ್ಯಾಪ್‌ನಲ್ಲಿ ಮುಂಭಾಗದ ಪರೀಕ್ಷೆ ನಡೆಯುವುದೂ 64 ಕಿಲೋಮೀಟರಿನಲ್ಲಿ. ವೇಗ ಹೆಚ್ಚಿದಂತೆ ಗುದ್ದಿನ ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ನೂರಕ್ಕೆ ಹೋದರೆ ಸುಮಾರು ಎರಡೂವರೆ ಪಟ್ಟು, 120ಕ್ಕೆ ಮೂರೂವರೆ ಪಟ್ಟು. ಮೂತಿ ಮಾತ್ರ ಅಷ್ಟೇ ಉದ್ದ. ಪುಣೆ ರಸ್ತೆಯಲ್ಲಿ ಫೈವ್ ಸ್ಟಾರ್ ಐತಿ ಎಂದು ಹಾರಿಸಿಕೊಂಡು ಹೋಗುವವರಿಗೆ ಈ ಲೆಕ್ಕ ಯಾರೂ ಹೇಳುವುದಿಲ್ಲ.

ಡೆಲಿವರಿ ದಿನ ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಾರೆ. ಇಡಲಿ, ಅದರಿಂದ ಟೈರಿಗೇನೂ ಆಗಲ್ಲ. ನನಗೆ ಸಿಟ್ಟು ಬರುವುದು ಆಮೇಲೆ ಆ್ಯಕ್ಸೆಸರಿ ಅಂಗಡಿಗೆ ಹೋಗಿ ಹಾಕಿಸುವ ಬುಲ್ ಗಾರ್ಡ್ ಕಂಡರೆ. ಮೂತಿಯ ಮುಂದಿನ ಆ ಕಬ್ಬಿಣದ ಪೈಪು ಗುದ್ದಿನ ಬಲವನ್ನು ನೇರ ಚಾಸಿಗೆ ತಲುಪಿಸುತ್ತದೆ. ಮುದುಡಬೇಕಾದ ಮೂತಿ ಸರಿಯಾಗಿ ಮುದುಡುವುದಿಲ್ಲ, ಏರ್‌ಬ್ಯಾಗಿನ ಸೆನ್ಸರ್ ಲೆಕ್ಕ ತಪ್ಪಬಹುದು. ಅಡ್ಡ ಬಂದವನ ಕಾಲಂತೂ ಮುಗಿಯಿತು. 2017ರ ಡಿಸೆಂಬರಿನಲ್ಲೇ ಕೇಂದ್ರ ಸರ್ಕಾರ ಇವುಗಳ ಮೇಲೆ ಕ್ರಮ ಕೈಗೊಳ್ಳಿ ಎಂದು ರಾಜ್ಯಗಳಿಗೆ ಬರೆದಿತ್ತು. ಖಡೇಬಜಾರಿನಲ್ಲಿ ಅರ್ಧ ಗಂಟೆ ನಿಂತು ನೋಡಿ, ಎಷ್ಟು ಗಾಡಿಗೆ ಇನ್ನೂ ಇವೆ ಅಂತ.

ಡ್ಯಾಶ್‌ಬೋರ್ಡಿನ ಗಣಪತಿಯ ವಿಷಯಕ್ಕೆ ಬಂದರೆ, ಎಡಗಡೆ ಏರ್‌ಬ್ಯಾಗ್ ಎಂದು ಬರೆದ ಜಾಗ ಒಂದನ್ನು ಬಿಟ್ಟು ಬೇರೆ ಕಡೆ ಇಡಿ. ಚೀಲ ಸುಮಾರು 30 ಮಿಲಿಸೆಕೆಂಡಿನಲ್ಲಿ ಉಬ್ಬುತ್ತದೆ. ಅದರ ಮೇಲೆ ಏನಿದ್ದರೂ ಮುಖಕ್ಕೆ ಬರುತ್ತದೆ.

ಬೆಲ್ಟ್ ಹಾಕದಿದ್ದರೆ ಇದೆಲ್ಲ ದಂಡ. ಗಾಡಿ 60 ಸೆಂಟಿಮೀಟರು ಮುದುಡಿ ನಿಲ್ಲುತ್ತದೆ, ಆದರೆ ಬೆಲ್ಟಿಲ್ಲದ ಮನುಷ್ಯ ಅಷ್ಟು ಹೊತ್ತೂ 64ರಲ್ಲೇ ಮುಂದೆ ಹೋಗುತ್ತಿರುತ್ತಾನೆ. ಹಿಂದೆ ಕೂತವನಾದರೆ ಹೋಗಿ ಬೀಳುವುದು ಮುಂದಿನ ಸೀಟಿನ ಮೇಲೆ, ಅಲ್ಲಿ ಕೂತವರ ಸಮೇತ. ಕಾಕಾ ಇದನ್ನು ಕೇಳಿ ಹಿಂದಿನ ಸೀಟಿಗೆ ಹತ್ತಿದರು. ನಡುವಿನ ಬೆಲ್ಟಿನ ಬಕಲ್ ಸಿಗಲಿಲ್ಲ. ಸೇಲ್ಸ್ ಹುಡುಗ ಪ್ಲಾಸ್ಟಿಕ್ ಹರಿದು, ಸೀಟಿನ ಸಂದಿಯಿಂದ ಅದನ್ನು ಎಳೆದು ಕೊಟ್ಟ.