ತಾಳ ಯಾರ ಕೈಯಲ್ಲಿದೆ?

ಮ್ಯೂಸಿಕ್ ಸರ್ವರ್ ಅಂತ ಒಂದು ಡಬ್ಬ ಬರುತ್ತದೆ. ಮುಂದಿನಿಂದ ನೋಡಿದರೆ ಅಂಥದ್ದೇನೂ ಕಾಣುವುದಿಲ್ಲ. ಒಂದು ಸಣ್ಣ ಪರದೆ, ಒಂದೆರಡು ಗುಂಡಿ, ಅಷ್ಟೇ. ದುಬಾರಿ ಮಾಡೆಲ್‌ಗಳ ಬೆಲೆ ಕೇಳಿದರೆ ಮಾತ್ರ ತಪ್ಪಿ ಕಾರಿನ ಶೋರೂಮಿಗೆ ಬಂದೆವೇನೋ ಅನ್ನಿಸುತ್ತದೆ. ಒಳಗಿರುವುದು ಹೆಚ್ಚುಕಮ್ಮಿ ಒಂದು ಕಂಪ್ಯೂಟರೇ. ಹಾಡು ತುಂಬಿಡಲು ಎಸ್‌ಎಸ್‌ಡಿ, ಸದ್ದು ಮಾಡಬಾರದೆಂದು ಫ್ಯಾನ್ ಇಲ್ಲದ ದಪ್ಪ ಅಲ್ಯೂಮಿನಿಯಂ ಮೈ, ತುಂಬಾ ಜತನದಿಂದ ಮಾಡಿದ ಪವರ್ ಸಪ್ಲೈ. ಕೊರಿಯಾದ ಔರೆಂಡರ್, ಪೋರ್ಚುಗಲ್‌ನ ಇನ್ನುವೋಸ್, ನ್ಯೂಜಿಲೆಂಡಿನ ಆಂಟಿಪೋಡ್ಸ್ ಇಂಥವನ್ನು ಮಾಡುತ್ತವೆ. ಸ್ಕಾಟ್ಲೆಂಡಿನ ಲಿನ್ ಅಂತೂ 2009ರಲ್ಲೇ ಸಿಡಿ ಪ್ಲೇಯರ್ ಮಾಡುವುದನ್ನು ಬಿಟ್ಟು ಈ ದಾರಿ ಹಿಡಿಯಿತು.

ಈಗ ಡಬ್ಬವನ್ನು ತಿರುಗಿಸಿ ಹಿಂಬದಿ ನೋಡಿ. ಒಂದು ಯುಎಸ್‌ಬಿ. ಪಕ್ಕದಲ್ಲಿ ಕೋಆಕ್ಸಿಯಲ್ ಅಂತ ಒಂದು ಗುಂಡನೆಯ ಸಾಕೆಟ್. ಅದರ ಅಣ್ಣನ ಹಾಗೆ ತಿರುಗಿಸಿ ಲಾಕ್ ಮಾಡುವ ಬಿಎನ್‌ಸಿ. ಮೈಕಿಗೆ ಹಾಕುವಂಥ ಮೂರು ಪಿನ್ನಿನ ಎಕ್ಸ್‌ಎಲ್‌ಆರ್. ಒಳಗೆ ಕೆಂಪು ಬೆಳಕು ಮಿನುಗುವ ಆಪ್ಟಿಕಲ್. ಟಿವಿಗೆ ಸಂಬಂಧವೇ ಇಲ್ಲದ ಒಂದು ಎಚ್‌ಡಿಎಂಐ. ಆಮೇಲೆ ಲ್ಯಾನ್. ಎಲ್ಲ ಡಬ್ಬಗಳಲ್ಲೂ ಇಷ್ಟೂ ಇರುವುದಿಲ್ಲ, ಆದರೆ ನಾಲ್ಕೈದಂತೂ ಇದ್ದೇ ಇರುತ್ತವೆ. ಯಾವುದರಲ್ಲಿ ಹೋದರೂ ಹಾಡು ಅದೇ, ತಲುಪುವುದೂ ಡ್ಯಾಕ್‌ಗೇ. ಡ್ಯಾಕ್ ಅಂದರೆ ಅಂಕಿಗಳನ್ನು ಮತ್ತೆ ವಿದ್ಯುತ್ ಅಲೆಯಾಗಿ ಮಾಡಿ ಆಂಪ್ಲಿಫೈಯರ್‌ಗೆ ಕೊಡುವ ಉಪಕರಣ. ಒಂದೇ ಊರಿಗೆ ಇಷ್ಟೊಂದು ದಾರಿ ಯಾಕೆ?

ಸೊನ್ನೆ-ಒಂದು ಯಾವ ತಂತಿಯಲ್ಲಿ ಹೋದರೇನು, ಸುಮ್ನೆ ದುಡ್ಡು ದಂಡ ಅನ್ನುವವರಿದ್ದಾರೆ. ಕೋಆಕ್ಸಿಯಲ್‌ನಲ್ಲಿ ದನಿ ತುಂಬಿಕೊಂಡು ಬರುತ್ತದೆ, ಯುಎಸ್‌ಬಿಯಲ್ಲಿ ಒಣಒಣ ಅನ್ನುವವರೂ ಇದ್ದಾರೆ. ಮೊದಲನೆಯವರ ಮಾತು ಮುಕ್ಕಾಲು ಸರಿ. ಉಳಿದ ಕಾಲು ಭಾಗದಲ್ಲೇ ಸ್ವಾರಸ್ಯವಿದೆ.

ಸಿಡಿ ಗುಣಮಟ್ಟದ ಹಾಡಿನಲ್ಲಿ ಪ್ರತಿ ಸೆಕೆಂಡಿಗೆ 44,100 ಸ್ಯಾಂಪಲ್ (ಅಂದರೆ ಅಲೆಯ ಎತ್ತರವನ್ನು ಅಳೆದು ಬರೆದ ಅಂಕಿ), ಪ್ರತಿಯೊಂದಕ್ಕೂ 16 ಬಿಟ್, ಎಡ-ಬಲ ಎರಡು ಚಾನೆಲ್. ಗುಣಿಸಿದರೆ ಸೆಕೆಂಡಿಗೆ 14,11,200 ಬಿಟ್. ಇಷ್ಟನ್ನು ತಪ್ಪಿಲ್ಲದೆ ಸಾಗಿಸುವುದು ಇವತ್ತು ಏನೂ ಕಷ್ಟವಿಲ್ಲ, ಅಗ್ಗದ ಕೇಬಲ್ಲೂ ಮಾಡುತ್ತದೆ. ಆದರೆ ಸಂಗೀತಕ್ಕೆ ಅಂಕಿ ಸರಿಯಿದ್ದರೆ ಸಾಲದು, ಹೊತ್ತೂ ಸರಿಯಿರಬೇಕು. ಡ್ಯಾಕ್ ಸುಮಾರು 22.7 ಮೈಕ್ರೋಸೆಕೆಂಡಿಗೆ ಒಂದರಂತೆ, ಸಮ ಅಂತರದಲ್ಲಿ ಸ್ಯಾಂಪಲ್‌ಗಳನ್ನು ಹೊರಗೆ ಬಿಡಬೇಕು. ಒಂದು ಚೂರು ಮುಂಚೆ, ಇನ್ನೊಂದು ಚೂರು ತಡವಾಗಿ ಬಿಟ್ಟರೆ ಅಲೆಯ ಆಕಾರ ಕೆಡುತ್ತದೆ. ಸ್ವರ ಎಲ್ಲಾ ಸರಿಯಿದೆ, ತಾಳ ಅಲ್ಲಾಡುತ್ತಿದೆ ಅಂತೀವಲ್ಲ, ಹಾಗೆ. ಇದಕ್ಕೆ ಜಿಟ್ಟರ್ ಅನ್ನುತ್ತಾರೆ.

ಎಷ್ಟು ಅಲ್ಲಾಡಿದರೆ ತೊಂದರೆ? ಕಾಗದದ ಮೇಲೆ ಲೆಕ್ಕ ಹಾಕಬಹುದು. ಕಿವಿಗೆ ಕೇಳುವ ಅಂಚಿನ 20 ಕಿಲೋಹರ್ಟ್ಸ್ ಸ್ವರ ಪೂರ್ತಿ ಜೋರಿನಲ್ಲಿ ಬರುತ್ತಿರುವಾಗ, 16 ಬಿಟ್ ಅಳೆಯಬಲ್ಲ ಅತಿ ಸಣ್ಣ ಮೆಟ್ಟಿಲಿನ ಅರ್ಧದಷ್ಟು ತಪ್ಪಾಗಬೇಕಾದರೆ ಸುಮಾರು 121 ಪಿಕೋಸೆಕೆಂಡ್ ಆಚೀಚೆಯಾದರೆ ಸಾಕು. ಅಷ್ಟು ಹೊತ್ತಿನಲ್ಲಿ ಬೆಳಕೇ ನಾಲ್ಕು ಸೆಂಟಿಮೀಟರ್ ದಾಟುವುದಿಲ್ಲ. ಭಯವಾಗುತ್ತದೆ ಅಲ್ವಾ? ಜಾಹೀರಾತುಗಳು ಇಲ್ಲಿಗೇ ಮಾತು ನಿಲ್ಲಿಸುತ್ತವೆ. ಆದರೆ 2005ರಲ್ಲಿ ಜಪಾನಿನ ಸಂಶೋಧಕರು ಕಿವಿ ಪಳಗಿದವರನ್ನೇ ಕೂರಿಸಿ, ಸಂಗೀತದಲ್ಲಿ ಬೇಕಂತಲೇ ಅಡ್ಡಾದಿಡ್ಡಿ ಜಿಟ್ಟರ್ ಬೆರೆಸಿ ಕೇಳಿಸಿದರು. ಅದು ನೂರಾರು ನ್ಯಾನೋಸೆಕೆಂಡ್ ಆಗುವ ತನಕ ಅವರಿಗೆ ಗೊತ್ತಾಗಲಿಲ್ಲ. ಒಂದು ನ್ಯಾನೋಸೆಕೆಂಡ್ ಅಂದರೆ ಸಾವಿರ ಪಿಕೋಸೆಕೆಂಡ್. ಲೆಕ್ಕದ ಭಯಕ್ಕೂ ಕಿವಿಯ ಅನುಭವಕ್ಕೂ ನಡುವೆ ಸಾವಿರ ಪಟ್ಟಿಗಿಂತ ಜಾಸ್ತಿ ಅಂತರವಿದೆ.

ಆದರೂ ಹಿಂಬದಿಯ ಸಾಕೆಟ್‌ಗಳು ಬೇರೆಬೇರೆಯಾಗಿರುವುದಕ್ಕೆ ಈ ತಾಳದ ವಿಚಾರವೇ ದೊಡ್ಡ ಕಾರಣ. ಕಚೇರಿಯನ್ನು ನೆನೆಸಿಕೊಳ್ಳಿ. ಹಾಡುವವರು ಡ್ಯಾಕ್. ಹಿಂದೆ ಕೂತು ಸಾಹಿತ್ಯ ಎತ್ತಿಕೊಡುವ ಶಿಷ್ಯ ಸರ್ವರ್. ತಾಳ ಹಾಕುವವರು ಯಾರು?

ಕೋಆಕ್ಸಿಯಲ್‌ನಲ್ಲಿ ಶಿಷ್ಯನೇ ಹಾಕುತ್ತಾನೆ. ಸೋನಿ ಮತ್ತು ಫಿಲಿಪ್ಸ್ 1980ರ ದಶಕದಲ್ಲಿ ಮಾಡಿದ ಈ ಏರ್ಪಾಡಿಗೆ ಎಸ್‌ಪಿಡಿಐಎಫ್ ಅಂತ ಹೆಸರು. ಇರುವುದು ಒಂದೇ ತಂತಿ, ಹಾಗಾಗಿ ಅಂಕಿಯನ್ನೂ ಗಡಿಯಾರವನ್ನೂ ಒಂದೇ ಹಗ್ಗವಾಗಿ ಹೊಸೆದು ಕಳಿಸಬೇಕು. ಉಪಾಯ ಚೆನ್ನಾಗಿದೆ. ಪ್ರತಿ ಬಿಟ್‌ನ ಶುರುವಿನಲ್ಲಿ ವೋಲ್ಟೇಜ್ ಒಮ್ಮೆ ಮಗ್ಗುಲು ಬದಲಿಸುತ್ತದೆ. ಬಿಟ್ ಒಂದು ಆಗಿದ್ದರೆ ನಡುವೆ ಇನ್ನೊಮ್ಮೆ ಬದಲಿಸುತ್ತದೆ, ಸೊನ್ನೆಯಾದರೆ ಇಲ್ಲ. ಡ್ಯಾಕ್ ಈ ಮಗ್ಗುಲುಗಳನ್ನು ನೋಡುತ್ತಾ ನೋಡುತ್ತಾ ತಾಳ ಊಹಿಸಿಕೊಳ್ಳುತ್ತದೆ. ಕೇಬಲ್‌ನ ತುದಿಯಲ್ಲಿ ಹೊಂದಾಣಿಕೆ ಸರಿಯಿಲ್ಲದಿದ್ದರೆ ಸಿಗ್ನಲ್ ಸ್ವಲ್ಪ ಹಿಂದಕ್ಕೆ ಪುಟಿದು ಆ ಅಂಚುಗಳನ್ನು ಮಸುಕು ಮಾಡುತ್ತದೆ. ಅದಕ್ಕೇ 75 ಓಮ್ ಕೇಬಲ್ ಬೇಕು ಅನ್ನುವುದು, ಅದಕ್ಕೇ ಬಿಎನ್‌ಸಿ ಇರುವುದು. ಮೂರು ಪಿನ್ನಿನ ಎಕ್ಸ್‌ಎಲ್‌ಆರ್‌ನಲ್ಲಿ ಹೋಗುವ ಎಇಎಸ್ ಅನ್ನುವ ಏರ್ಪಾಡು ಕೂಡ ಇದೇ ಭಾಷೆ ಮಾತಾಡುತ್ತದೆ. 1985ರಲ್ಲಿ ಸ್ಟುಡಿಯೋಗಳಿಗಾಗಿ, ಉದ್ದದ ಕೇಬಲ್‌ಗಳಿಗಾಗಿ ಬಂದದ್ದು. ಎರಡು ಅಡಿ ದೂರದ ಡ್ಯಾಕ್‌ಗೆ ಅದು ಬೇಕೇ ಬೇಕು ಅಂತೇನಿಲ್ಲ.

ಯುಎಸ್‌ಬಿಯಲ್ಲೂ ಮೊದಮೊದಲು ಕಂಪ್ಯೂಟರಿನದೇ ತಾಳ. ಕಂಪ್ಯೂಟರಿಗೋ ನೂರೆಂಟು ಕೆಲಸ, ತಾಳ ನೆಟ್ಟಗೆ ಇರಲಿಲ್ಲ. ಆಮೇಲೆ ಬಂದದ್ದು ಅಸಿಂಕ್ರೊನಸ್ ವಿಧಾನ. ಅಮೆರಿಕದ ವೇವ್‌ಲೆಂತ್ ಆಡಿಯೋದ ಗಾರ್ಡನ್ ರ‍್ಯಾಂಕಿನ್ ಇದನ್ನು ಹೈಫೈ ಮಂದಿಗೆ ಪರಿಚಯಿಸಿದವರಲ್ಲಿ ಮುಖ್ಯರು. ಇದರಲ್ಲಿ ಪಾತ್ರ ಅದಲುಬದಲು. ಗಡಿಯಾರ ಡ್ಯಾಕ್‌ನ ಒಳಗೆ, ಚಿಪ್ ಪಕ್ಕದಲ್ಲೇ ಇರುತ್ತದೆ, ಮತ್ತು ಡ್ಯಾಕ್ ಆಗಾಗ ಸರ್ವರ್‌ಗೆ "ಸ್ವಲ್ಪ ಬೇಗ ಕೊಡು, ಈಗ ನಿಧಾನ" ಅಂತ ಹೇಳಿ ಕಳಿಸುತ್ತಿರುತ್ತದೆ. ಹೀಗೆ ಹೇಳಲೇಬೇಕು, ಯಾಕೆಂದರೆ ಯಾವ ಎರಡು ಗಡಿಯಾರವೂ ಒಂದೇ ಸಮ ಓಡುವುದಿಲ್ಲ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೂ ಒಂದು ಗಂಟೆಯಲ್ಲಿ 7,938 ಸ್ಯಾಂಪಲ್ ಹೆಚ್ಚೋ ಕಡಿಮೆಯೋ ಆಗಿಬಿಡುತ್ತದೆ.

ಒಳ್ಳೆಯ ಡ್ಯಾಕ್ ಬಿಚ್ಚಿದರೆ ಸಾಮಾನ್ಯವಾಗಿ ಗಡಿಯಾರದ ಎರಡು ಹರಳು ಕಾಣುತ್ತವೆ. ಒಂದು 22.5792 ಮೆಗಾಹರ್ಟ್ಸ್, ಇನ್ನೊಂದು 24.576. ಒಂದು 44.1 ಕಿಲೋಹರ್ಟ್ಸ್ (ಅಂದರೆ ಸೆಕೆಂಡಿಗೆ 44,100 ಸ್ಯಾಂಪಲ್) ಮತ್ತು ಅದರ ದುಪ್ಪಟ್ಟುಗಳ ಸಂಸಾರಕ್ಕೆ, ಇನ್ನೊಂದು 48, 96, 192ರ ಸಂಸಾರಕ್ಕೆ. 44.1 ಅನ್ನುವ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಅಂದರೆ ವಿಡಿಯೋ ಟೇಪಿನಿಂದ. ಆಗ ಡಿಜಿಟಲ್ ಧ್ವನಿಯನ್ನು ವಿಡಿಯೋ ರೆಕಾರ್ಡರ್‌ನಲ್ಲೇ ಬರೆದಿಡುತ್ತಿದ್ದರು. ಚಿತ್ರದ ಒಂದು ಗೆರೆಗೆ 3 ಸ್ಯಾಂಪಲ್, 245 ಗೆರೆ, ಸೆಕೆಂಡಿಗೆ 60 ಸಲ. ಗುಣಿಸಿ ನೋಡಿ.

ಲ್ಯಾನ್ ದಾರಿಯಲ್ಲಂತೂ ತಾಳದ ಪ್ರಶ್ನೆಯೇ ಏಳುವುದಿಲ್ಲ. ಹಾಡು ಪೊಟ್ಟಣ ಪೊಟ್ಟಣವಾಗಿ ಬರುತ್ತದೆ, ಕಳೆದುಹೋದದ್ದನ್ನು ಮತ್ತೆ ತರಿಸಿಕೊಳ್ಳುತ್ತದೆ, ಆ ಕಡೆಯ ಸ್ಟ್ರೀಮರ್‌ನಲ್ಲಿ, ಅಂದರೆ ಲ್ಯಾನ್‌ನಿಂದ ಹಾಡು ತೆಗೆದುಕೊಂಡು ಡ್ಯಾಕ್‌ಗೆ ಕೊಡುವ ಉಪಕರಣದಲ್ಲಿ, ಒಂದಷ್ಟು ಮೊದಲೇ ಕೂಡಿಟ್ಟಿರುತ್ತದೆ. ಹಾಡು ಬರುತ್ತಿರುವಾಗ ಕೇಬಲ್ ಕಿತ್ತು ನೋಡಿ, ಸ್ವಲ್ಪ ಹೊತ್ತು ಹಾಡು ಏನೂ ಆಗದವರ ಹಾಗೆ ಮುಂದುವರಿಯುತ್ತದೆ. ಕಿತ್ತು ಕೈಯಲ್ಲಿ ಹಿಡಿದಿರುವ ಕೇಬಲ್ ಬೆಳ್ಳಿಯದೋ ತಾಮ್ರದ್ದೋ ಅನ್ನುವುದು ತಾಳಕ್ಕೆ ಹೇಗೆ ತಾಕೀತು? ಜಪಾನಿನ ಮೆಲ್ಕೋ ತನ್ನ ಸರ್ವರ್‌ನಲ್ಲಿ ಸ್ಟ್ರೀಮರ್‌ಗೆಂದೇ ಬೇರೆ ಲ್ಯಾನ್ ಸಾಕೆಟ್ ಇಡುತ್ತದೆ. ಮನೆಯ ಉಳಿದ ನೆಟ್‌ವರ್ಕಿನ ಗದ್ದಲ ಬೇಡ ಅಂತ. ಅದು ಒಪ್ಪುವಂಥ ಯೋಚನೆ.

ಆ ಎಚ್‌ಡಿಎಂಐ ಸಾಕೆಟ್ ವಿಷಯದಲ್ಲಿ ಹುಷಾರಾಗಿರಿ. ಅದರಲ್ಲಿ ಹರಿಯುವುದು ಐ-ಟೂ-ಎಸ್. ಫಿಲಿಪ್ಸ್ 1986ರಲ್ಲಿ ಒಂದೇ ಬೋರ್ಡಿನ ಮೇಲಿನ ಚಿಪ್‌ಗಳು ಮಾತಾಡಿಕೊಳ್ಳಲಿ ಅಂತ ಮಾಡಿದ್ದು. ಗಡಿಯಾರಕ್ಕೆ ಬೇರೆ ತಂತಿ, ಅಂಕಿಗೆ ಬೇರೆ ತಂತಿ, ಹೊಸೆಯುವ ಕೆಲಸವೇ ಇಲ್ಲ. ಅದನ್ನು ಡಬ್ಬದಿಂದ ಹೊರಗೆ ತರುವಾಗ ಯಾವ ಪಿನ್ನಿಗೆ ಯಾವ ತಂತಿ ಅಂತ ಎಲ್ಲರೂ ಒಪ್ಪಿದ ನಿಯಮ ಮಾತ್ರ ಇಲ್ಲ. ಸರ್ವರ್ ಒಂದು ಕಂಪನಿಯದು, ಡ್ಯಾಕ್ ಇನ್ನೊಂದರದು ಆದರೆ ಎಡ-ಬಲ ಅದಲುಬದಲಾಗಬಹುದು, ದನಿಯೇ ಬಾರದಿರಬಹುದು. ಮ್ಯಾನುಯಲ್ ಓದದೆ ಕೊಳ್ಳಬೇಡಿ.

ಇಷ್ಟೆಲ್ಲ ಓದಿಕೊಂಡ ಮೇಲೂ ನನ್ನ ಮನೆಯಲ್ಲಿ ಕೈಕೊಟ್ಟದ್ದು ತಾಳವಲ್ಲ. ನನ್ನದು ಹಳೆಯ ಡೆಸ್ಕ್‌ಟಾಪನ್ನೇ ಸರ್ವರ್ ಮಾಡಿಕೊಂಡ ಬಡಪಾಯಿ ವ್ಯವಸ್ಥೆ. ಯುಎಸ್‌ಬಿ ಸಿಕ್ಕಿಸಿದರೆ ಸ್ಪೀಕರಿನಲ್ಲಿ ಗುಂಯ್ ಅಂತ ಒಂದೇ ಸಮ. ಡೆಸ್ಕ್‌ಟಾಪಿನ ಅರ್ತು ಒಂದು ಪ್ಲಗ್ಗಿನಲ್ಲಿ, ಆಂಪ್‌ನದು ಇನ್ನೊಂದರಲ್ಲಿ, ನಡುವೆ ಯುಎಸ್‌ಬಿಯ ತಾಮ್ರ ಎರಡನ್ನೂ ಜೋಡಿಸಿ ಒಂದು ಸುತ್ತು ಮಾಡಿಬಿಟ್ಟಿತ್ತು. ಅದರಲ್ಲಿ ಮನೆಯ ಕರೆಂಟಿನ 50 ಹರ್ಟ್ಸ್ ಹರಿದಾಡುತ್ತಿತ್ತು. ಐದು ಮನೆ ಶ್ರುತಿಯ ಷಡ್ಜವನ್ನು ಕೆಳಕ್ಕೆ, ಇನ್ನೂ ಕೆಳಕ್ಕೆ ಇಳಿಸಿದರೆ 49 ಹರ್ಟ್ಸ್ ಬರುತ್ತದೆ. ಅಂದರೆ ಹೆಚ್ಚುಕಮ್ಮಿ ಅದೇ ಶ್ರುತಿ, ಒಂದು ಕೂದಲು ಮೇಲೆ. ಐದು ಮನೆಯಲ್ಲಿ ಹಾಡಿದ ಕಚೇರಿ ಹಾಕಿದಾಗಲೆಲ್ಲ ತಂಬೂರಿಯ ಪಕ್ಕ ಇನ್ನೊಂದು ಅಪಶ್ರುತಿಯ ತಂಬೂರಿ ಕೂತಂತೆ.

ಕೊನೆಗೆ ಕೆಲವೇ ನೂರು ರೂಪಾಯಿಯ ಆಪ್ಟಿಕಲ್ ಕೇಬಲ್ ತಂದೆ. ತೋಶಿಬಾ 1983ರಲ್ಲಿ ತಂದ ಹಳೇ ಏರ್ಪಾಡು. ಒಂದು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಎಳೆ, ಈ ತುದಿಯಲ್ಲಿ ಕೆಂಪು ಎಲ್‌ಇಡಿ. ಜಿಟ್ಟರ್ ಲೆಕ್ಕದಲ್ಲಿ ಇದಕ್ಕೆ ಒಳ್ಳೆಯ ಹೆಸರಿಲ್ಲ, ಆದರೆ ಪ್ಲಾಸ್ಟಿಕ್‌ನಲ್ಲಿ ಕರೆಂಟ್ ಹರಿಯುವುದಿಲ್ಲವಲ್ಲ. ಗುಂಯ್ ನಿಂತಿತು. ಬದಲಿಗೆ 192 ಕಿಲೋಹರ್ಟ್ಸ್ ಫೈಲ್‌ಗಳು ಹಾಡುವುದನ್ನು ನಿಲ್ಲಿಸಿದವು. ಆಪ್ಟಿಕಲ್ ಅನೇಕ ಕಡೆ 96ಕ್ಕೇ ಸುಸ್ತಾಗುತ್ತದೆ. ನನ್ನ ಹತ್ತಿರ ಅಂಥವು ಹನ್ನೊಂದು ಇದ್ದವು. ಒಂದು ಭಾನುವಾರ ಕೂತು ಎಲ್ಲವನ್ನೂ 96ಕ್ಕೆ ಇಳಿಸಿದೆ.