ವಿಜಯನಗರದಿಂದ 'ವಿ' ತೆಗೆದರೆ

ನನ್ನ ತಂಗಿಯ ಮಗಳು ಜನನಿಗೆ ಎರಡೂವರೆ ವರ್ಷ. ಕೆಲವು ತಿಂಗಳ ಹಿಂದೆ ಒಂದು ಬೆಳಿಗ್ಗೆ ನಾನು ಬನಶಂಕರಿಯ ಅವರ ಮನೆಯಲ್ಲಿದ್ದೆ. ಬಾಗಿಲ ಬಳಿ ಇಟ್ಟಿದ್ದ ಹಾಲಿನ ಪ್ಯಾಕೆಟ್ಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದಳು. ಅದರ ಮೇಲಿನ ಅಕ್ಷರಗಳ ಮೇಲೆ ಬೆರಳಿಟ್ಟು 'ನಂದಿನಿ' ಅಂದಳು. ತಂಗಿಗೆ ಸಂಭ್ರಮವೋ ಸಂಭ್ರಮ. "ಅಕ್ಕಾ, ನೋಡೇ, ಓದ್ತಾಳೆ!"

ನಾನು ಸ್ಲೇಟು ತಗೊಂಡು ಬಳಪದಲ್ಲಿ ದೊಡ್ಡದಾಗಿ 'ನಂದಿನಿ' ಎಂದು ಬರೆದು ತೋರಿಸಿದೆ. ಜನನಿ ಸ್ವಲ್ಪ ಹೊತ್ತು ನೋಡಿದಳು. "ದೊಡ್ಡಮ್ಮ ಗೀಚಿದ್ದು" ಅಂದಳು. ತಂಗಿಯ ಮುಖ ಸಪ್ಪಗಾಯಿತು.

ಸಪ್ಪಗಾಗಬೇಕಿರಲಿಲ್ಲ. 1984ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗ ನಡೆಯಿತು. ಮೂರರಿಂದ ಐದು ವರ್ಷದ ಮಕ್ಕಳು. ಅಂಗಡಿ ಬೋರ್ಡು, ಪೊಟ್ಟಣ, ಬಾಟಲಿಗಳ ಹೆಸರನ್ನು ಥಟ್ಟನೆ ಹೇಳುತ್ತಿದ್ದವರು. ಅವರಿಗೆ ಪೆಪ್ಸಿಯ ಚಿಹ್ನೆಯಲ್ಲಿ ಮೊದಲ ಅಕ್ಷರವನ್ನೇ ಬದಲಾಯಿಸಿ ತೋರಿಸಿದರು. ಬಹುಪಾಲು ಮಕ್ಕಳು ಏನೂ ವ್ಯತ್ಯಾಸವಿಲ್ಲ ಎಂಬಂತೆ 'ಪೆಪ್ಸಿ' ಅಂದೇ ಹೇಳಿದರು. ಅವರು ನೋಡುತ್ತಿದ್ದದ್ದು ಅಕ್ಷರವನ್ನಲ್ಲ, ಬಣ್ಣವನ್ನು, ಒಟ್ಟು ಆಕಾರವನ್ನು. ನಾವು ಪರಿಚಯದವರ ಮುಖ ಗುರುತಿಸುವ ಹಾಗೆ.

ಹಾಗಂತ ಜನನಿ ಮಾಡಿದ್ದು ಸಣ್ಣ ಕೆಲಸವಲ್ಲ. ಆ ಗೆರೆಗಳು ಸುಮ್ನೆ ಅಲಂಕಾರಕ್ಕಿಲ್ಲ, ಅವು ಏನನ್ನೋ ಹೇಳುತ್ತವೆ ಅನ್ನುವುದು ಅವಳಿಗೆ ಗೊತ್ತಾಗಿದೆ. ಅದು ಓದಿನ ಹೊಸ್ತಿಲು. "ಹಾಗಾದ್ರೆ ಮುಂದೇನು ಕಲಿಸ್ಲಿ?" ಎಂದು ತಂಗಿ ಕೇಳಿದಳು. ಪಕ್ಕದ ಮನೆಯ ಮಗು ಪ್ಲೇ ಹೋಮ್‌ನಲ್ಲಿ ಇಂಗ್ಲಿಷಿನ ಇಪ್ಪತ್ತಾರೂ ಅಕ್ಷರ ಒಪ್ಪಿಸುತ್ತದಂತೆ. ಇವಳು ಆಗಲೇ ಗೋಡೆಗೆ ವರ್ಣಮಾಲೆಯ ಚಾರ್ಟ್ ಅಂಟಿಸಿದ್ದಳು, ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಂಡಿದ್ದಳು. ನಾನು ಹೇಳಿದೆ, ಕಣ್ಣು ಆಮೇಲೆ, ಮೊದಲು ಕಿವಿ.

ಯಾಕೆ ಅಂತ ಹೇಳುತ್ತೇನೆ. ಮಾತು ಮನುಷ್ಯನಿಗೆ ತುಂಬಾ ಹಳೆಯದು. ಆರೋಗ್ಯವಂತ ಮಗುವಿನ ಸುತ್ತ ಜನ ಮಾತಾಡುತ್ತಿದ್ದರೆ ಸಾಕು, ಅದು ಮಾತು ಕಲಿಯುತ್ತದೆ. ಬರವಣಿಗೆ ಹಾಗಲ್ಲ. ಜಗತ್ತಿನಲ್ಲಿ ಅದು ಹುಟ್ಟಿ ಸುಮಾರು 5000 ವರ್ಷ. ನಮ್ಮ ಹಲ್ಮಿಡಿ ಶಾಸನದ ಕಾಲ ಸುಮಾರು ಕ್ರಿ.ಶ. 450. ಇಷ್ಟು ಕಡಿಮೆ ಸಮಯದಲ್ಲಿ ಮೆದುಳಿನಲ್ಲಿ ಓದಿಗೆಂದೇ ಒಂದು ಜಾಗ ಬೆಳೆಯುವುದು ಸಾಧ್ಯವಿಲ್ಲ. ಹಾಗಾಗಿ ಮೆದುಳು ಕಡ ತರುತ್ತದೆ. ಫ್ರಾನ್ಸಿನ ವಿಜ್ಞಾನಿ ಸ್ಟಾನಿಸ್ಲಾಸ್ ಡಿಹೇನ್ ಇದನ್ನು ಬಹಳ ವರ್ಷ ಅಧ್ಯಯನ ಮಾಡಿದ್ದಾರೆ. ಮುಖ, ವಸ್ತುಗಳನ್ನು ಗುರುತಿಸುವ ಭಾಗಗಳ ನಡುವೆ, ಮೆದುಳಿನ ಎಡಬದಿಯ ಹಿಂಭಾಗದಲ್ಲಿ ಕೆಳಗೆ, ಒಂದು ಸಣ್ಣ ಜಾಗವಿದೆ. ಓದು ಕಲಿತವರಲ್ಲಿ ಅದು ಅಕ್ಷರಗಳಿಗೆ ಮೀಸಲಾಗುತ್ತದೆ. ಯಾವ ಲಿಪಿ ಓದಿದರೂ ಹೆಚ್ಚುಕಡಿಮೆ ಅದೇ ಜಾಗ.

ಆ ಜಾಗ ಹೊಸ ಪಾಠ ಕಲಿಯಬೇಕು. ಹಸು ಕೊರಳಿಗೆ ಗಂಟೆ ಕಟ್ಟಿಕೊಂಡರೂ ಹಸುವೇ. ಆದರೆ ಪ ಅಕ್ಷರದ ಹೊಟ್ಟೆ ಸೀಳಿದರೆ ಅದು ಷ ಆಗಿಬಿಡುತ್ತದೆ! ವ ಪಕ್ಕದಲ್ಲಿ ಒಂದು ಕೊಂಬು ಬಂದರೆ ವು. ಎರಡೂವರೆ ವರ್ಷದ ಕಣ್ಣಿಗೆ ಇದು ವಿಚಿತ್ರ ನಿಯಮ. ಆಕಾರ ಗೊತ್ತಾದರೆ ಮಾತ್ರ ಸಾಲದು, ಅದು ಸದ್ದಿನ ಜೊತೆ ಗಂಟು ಬೀಳಬೇಕು. ಸೇತುವೆಗೆ ಎರಡು ದಡ ಇರುತ್ತದೆ ಅಲ್ವಾ? ಅಕ್ಷರದ ದಡ ಕಟ್ಟಲು ಇನ್ನೂ ಕಾಲವಿದೆ. ಸದ್ದಿನ ದಡವನ್ನು ಈಗಲೇ ಕಟ್ಟಬಹುದು.

ಇಲ್ಲಿ ಕನ್ನಡದ ಮಕ್ಕಳಿಗೆ ಒಂದು ಅನುಕೂಲವಿದೆ. ಇಂಗ್ಲಿಷ್ ಓದಲು 'ಕ್ಯಾಟ್' ಅನ್ನುವುದನ್ನು ಮೂರು ಚೂರು ಮಾಡಬೇಕು. ಕೊನೆಯ 'ಟ್' ಅನ್ನು ಮಾತ್ರ ಬಾಯಿಬಿಟ್ಟು ಹೇಳಿ ನೋಡಿ, ಕಷ್ಟ. ಕನ್ನಡದ ಅಕ್ಷರವೋ, ಬಾಯಿಗೆ ಸುಲಭವಾಗಿ ಬರುವ ತುಂಡು. ಚ-ಪಾ-ತಿ. ಮೂರು ಚಪ್ಪಾಳೆ, ಮೂರು ಅಕ್ಷರ. ಕ-ಡ-ಲೆ, ಗಾ-ಳಿ-ಪ-ಟ. ಇನ್ನೊಂದು ಸಂಗತಿ: ನಮ್ಮ ಕ ಅಕ್ಷರದ ಹೆಸರೂ ಕ, ಅದರ ಸದ್ದೂ ಕ. ಇಂಗ್ಲಿಷಿನ 'ಡಬ್ಲ್ಯೂ' ಹೆಸರು ಕೇಳಿ ಅದು 'ವ' ಅನ್ನುತ್ತದೆ ಎಂದು ಯಾವ ಮಗುವೂ ಊಹಿಸಲಾರದು.

ಅನುಕೂಲ ಇರುವಲ್ಲೇ ಬೆಟ್ಟವೂ ಇದೆ. ವರ್ಣಮಾಲೆಯಲ್ಲಿ 49 ಅಕ್ಷರ. 34 ವ್ಯಂಜನಕ್ಕೆ ಕಾಗುಣಿತದ 15 ರೂಪದಂತೆ ಲೆಕ್ಕ ಹಾಕಿದರೆ 510. ಅದರ ಮೇಲೆ ಒತ್ತಕ್ಷರ. ಬೆಂಗಳೂರಿನ ದಿ ಪ್ರಾಮಿಸ್ ಫೌಂಡೇಶನ್‌ನ ಸೋನಾಲಿ ನಾಗ್ ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಕ್ಷರಗಳ ಕಲಿಕೆ ಮೂರು, ನಾಲ್ಕನೇ ತರಗತಿಯವರೆಗೂ ನಡೆಯುತ್ತಲೇ ಇರುತ್ತದೆ ಎಂದು ಅದು ತೋರಿಸಿತು. ಮಕ್ಕಳಿಗೆ ಅಕ್ಷರದಷ್ಟು ದೊಡ್ಡ ಸದ್ದಿನ ತುಂಡು ಬೇಗ ಹಿಡಿತಕ್ಕೆ ಬರುತ್ತದೆ, ಅದಕ್ಕಿಂತ ಚಿಕ್ಕ ಚೂರು ನಿಧಾನವಾಗಿ. ಇಷ್ಟು ಉದ್ದದ ದಾರಿಯಲ್ಲಿ ಎರಡನೇ ವರ್ಷಕ್ಕೇ ಆರು ತಿಂಗಳ ಅವಸರ ಮಾಡಿ ಏನು ಸಿಗುತ್ತದೆ? ನನ್ನ ಪ್ರಕಾರ ಏನೂ ಇಲ್ಲ. ಮಗುವಿಗೆ ಬೇಸರ ಬಂದರೆ ಇದ್ದದ್ದೂ ಹೋಗುತ್ತದೆ.

ಈ ಒತ್ತಕ್ಷರದ ವಿಷಯ ನನಗೆ ಬಹಳ ಇಷ್ಟ, ಸ್ವಲ್ಪ ನಿಂತು ನೋಡೋಣ. ಮಗು ಮೊದಮೊದಲು ಹೇಳುವ ಪದಗಳು ಯಾವುವು? ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ. ಪ್ರತಿಯೊಂದರಲ್ಲೂ ಒತ್ತು! ಬಾಯಿ 'ಅಮ್-ಮ' ಎಂದು ಒಡೆಯುತ್ತದೆ, ಬರಹ 'ಅ-ಮ್ಮ' ಎಂದು ಕೂಡಿಸುತ್ತದೆ. ಮಗುವಿಗೆ ಅತಿ ಹತ್ತಿರದ ಪದಗಳೇ ಬರೆಯಲು ಅತಿ ತೊಡಕಿನವು. ಅದಕ್ಕೇ ಶಾಲೆಯಲ್ಲಿ ಅವು ತಡವಾಗಿ ಬರುತ್ತವೆ. ನಾಲಿಗೆಗಾದರೆ ಅವು ಒಂದು ವರ್ಷಕ್ಕೇ ಬಂದಿರುತ್ತವೆ. ಕಿವಿ ಮತ್ತು ಬಾಯಿ ಕಣ್ಣಿಗಿಂತ ಎಷ್ಟು ಮುಂದಿವೆ ನೋಡಿ.

ಗೋಡೆಯ ಚಾರ್ಟ್ ವಿಷಯಕ್ಕೆ ಬರುತ್ತೇನೆ. ಅದು ಇರಲಿ, ಚಿತ್ರ ನೋಡಿ ಮಾತಾಡಲು ಒಳ್ಳೆಯದು. ಆದರೆ ಅ ಆ ಇ ಈ ಎಂಬ ಸಾಲು ವ್ಯಾಕರಣಕ್ಕಾಗಿ ಜೋಡಿಸಿದ್ದು. ಸ್ವರಗಳ ಪೂರ್ಣ ರೂಪ ಸಾಮಾನ್ಯವಾಗಿ ಪದದ ಶುರುವಿನಲ್ಲಿ ಮಾತ್ರ ಕಾಣುತ್ತದೆ, ಒಳಗೆ ಅವು ಗುಣಿತದ ಚಿಹ್ನೆಯಾಗಿ ಅಡಗುತ್ತವೆ. ಙ ಮಗುವಿನ ಪುಸ್ತಕದಲ್ಲಿ ಸಿಗುವುದೇ ಇಲ್ಲ. ಣ ಅಕ್ಷರದಿಂದ ಶುರುವಾಗುವ ಕನ್ನಡ ಪದ ಹುಡುಕಿ, ಸಿಗದು. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿ ಇದನ್ನು ಅರಿತಿದೆ. ಅಲ್ಲಿ ಅಕ್ಷರ ಶುರುವಾಗುವುದೇ ರ, ಗ, ಸ, ದ, ಅ ಎಂದು. ಈ ಐದರಲ್ಲೇ ಸರ, ಅರಸ, ಅಗಸ, ಗರಗಸ ಆಗುತ್ತವೆ. ಅಷ್ಟಕ್ಕೇ ಮಗು ಪದ ಓದಬಲ್ಲದು.

ಮನೆಯಲ್ಲಿ ಮೊದಲ ಅಕ್ಷರ ಯಾವುದಾಗಲಿ? ಅದನ್ನು ಮಗುವೇ ಆರಿಸುತ್ತದೆ. ಮಕ್ಕಳು ತಮ್ಮ ಹೆಸರಿನ ಮೊದಲ ಅಕ್ಷರವನ್ನು ಉಳಿದವಕ್ಕಿಂತ ಬೇಗ ಕಲಿಯುತ್ತಾರೆ ಎಂದು ಇಂಗ್ಲಿಷ್ ಮಕ್ಕಳ ಅಧ್ಯಯನಗಳು ತೋರಿಸಿವೆ. ತಂಗಿಗೆ ಹೇಳಿದೆ, ಲೋಟ, ಬ್ಯಾಗು, ಚಪ್ಪಲಿ ಗೂಡು, ಎಲ್ಲ ಕಡೆ 'ಜನನಿ' ಎಂದು ಬರೆದು ಅಂಟಿಸು. ಕೇಳಬೇಡ, ಪರೀಕ್ಷೆ ಮಾಡಬೇಡ. ಅದು ಅಲ್ಲಿ ಇರಲಿ, ಅಷ್ಟೇ.

ಆಮೇಲೆ ಪುಸ್ತಕ. ದಿನಾ ಓದುತ್ತೇನೆ ಎನ್ನುತ್ತಾಳೆ ತಂಗಿ, ನಿಜ. ಹೇಗೆ ಓದುತ್ತೇವೆ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. 1988ರಲ್ಲಿ ಅಮೆರಿಕದ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ಎರಡು ವರ್ಷದ ಆಸುಪಾಸಿನ ಮಕ್ಕಳ ತಂದೆತಾಯಿಯರನ್ನು ಎರಡು ಗುಂಪು ಮಾಡಿದರು. ಎರಡೂ ಗುಂಪು ಮಗುವಿಗೆ ಪುಸ್ತಕ ಓದುತ್ತಿತ್ತು. ಒಂದು ಗುಂಪಿಗೆ ಮಾತ್ರ ಹೇಳಿಕೊಟ್ಟದ್ದು ಇದು: ಕತೆಯನ್ನು ಮಗುವಿನಿಂದ ಹೇಳಿಸಿ. 'ಇದೇನು?' ಎಂದು ನಿಲ್ಲಬೇಡಿ, 'ನಾಯಿ ಯಾಕೆ ಓಡ್ತಿದೆ?' ಎಂಬಂಥ ಪ್ರಶ್ನೆ ಕೇಳಿ. ಮಗು 'ನಾಯಿ ಓಟ' ಅಂದರೆ 'ಹೌದು, ಕಪ್ಪು ನಾಯಿ ಬೆಕ್ಕಿನ ಹಿಂದೆ ಓಡ್ತಿದೆ' ಎಂದು ಬೆಳೆಸಿ. ಒಂದೇ ತಿಂಗಳಲ್ಲಿ ಆ ಗುಂಪಿನ ಮಕ್ಕಳು ಮಾತಿನ ಪರೀಕ್ಷೆಯಲ್ಲಿ ಹಲವು ತಿಂಗಳಷ್ಟು ಮುಂದೆ ಹೋಗಿದ್ದರು. ಪ್ರಶ್ನೆ ಕೇಳಿದ ಮೇಲೆ ಕಾಯಬೇಕು, ನಮಗೆ ಬರದಿರುವುದು ಅದೇ. ಮನಸ್ಸಿನಲ್ಲಿ ಐದರವರೆಗೆ ಎಣಿಸಿ. ನಾಲ್ಕಕ್ಕೆ ಉತ್ತರ ಬರುತ್ತದೆ.

ನಾವು ಓದುವಾಗ ಮಗು ಅಕ್ಷರ ನೋಡುತ್ತಿರುತ್ತದೆ ಎಂದುಕೊಳ್ಳುತ್ತೇವೆ. ಕಣ್ಣಿನ ಚಲನೆ ಅಳೆದವರು ಹೇಳುವುದೇ ಬೇರೆ. ಪುಟ್ಟ ಮಕ್ಕಳ ಕಣ್ಣು ಬಹುಪಾಲು ಸಮಯ ಚಿತ್ರದ ಮೇಲೆಯೇ ಇರುತ್ತದೆ. ಹಾಗಾಗಿ ಆಗೊಮ್ಮೆ ಈಗೊಮ್ಮೆ ಸಾಲಿನ ಕೆಳಗೆ ಬೆರಳಾಡಿಸಿ. ಸಾಲು ಎಡದಿಂದ ಬಲಕ್ಕೆ ಹೋಗುತ್ತದೆ ಅನ್ನುವುದು ಹಾಗೆಯೇ ತಿಳಿಯುತ್ತದೆ. ಪುಸ್ತಕಕ್ಕೆ ದುಡ್ಡು ಜಾಸ್ತಿ ಬೇಕಿಲ್ಲ. ನಮ್ಮ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಎಂಬ ಜಾಲತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ.

ಆ್ಯಪ್ ಬಗ್ಗೆ ಎರಡೇ ಮಾತು. ಅಮೆರಿಕದ ವಿಜ್ಞಾನಿ ಪೆಟ್ರೀಷಿಯಾ ಕುಲ್ 2003ರಲ್ಲಿ ಒಂಬತ್ತು ತಿಂಗಳ ಅಮೆರಿಕನ್ ಶಿಶುಗಳಿಗೆ ಚೀನೀ ಭಾಷೆ ಕೇಳಿಸಿದರು. ಎದುರು ಕೂತು ಆಡಿಸಿ ಮಾತಾಡಿದವರಿಂದ ಶಿಶುಗಳು ಆ ಭಾಷೆಯ ಸದ್ದು ಕಲಿತವು. ಅದೇ ಜನ, ಅದೇ ಮಾತು ಟಿವಿಯಲ್ಲಿ ಬಂದಾಗ ಏನೂ ಕಲಿಯಲಿಲ್ಲ. ಭಾರತದ ಮಕ್ಕಳ ತಜ್ಞರ ಸಂಘವೂ ಎರಡು ವರ್ಷದೊಳಗೆ ಪರದೆ ಬೇಡ, ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎನ್ನುತ್ತದೆ. ತಂಗಿ ಆ್ಯಪ್ ತೆಗೆದಳು.

ಅದರ ಬದಲು ನಮ್ಮ ಮೆಟ್ರೋ ಇದೆ. ಭಾನುವಾರ ಹಸಿರು ಮಾರ್ಗದಲ್ಲಿ ಲಾಲ್‌ಬಾಗಿಗೆ ಹೋಗುವಾಗ ಒಂದೊಂದು ನಿಲ್ದಾಣಕ್ಕೂ ಚಪ್ಪಾಳೆ. 'ಜಯನಗರ' ನನ್ನ ಮೆಚ್ಚಿನದು. ಜ-ಯ-ನ-ಗ-ರ, ಐದು ಚಪ್ಪಾಳೆ. ಬೋರ್ಡಿನಲ್ಲಿ ನೋಡಿದರೆ ಒಂದು ಗುಣಿತವಿಲ್ಲ, ಒಂದು ಒತ್ತಿಲ್ಲ. ಮೊದಲ ಬಾರಿ ಓದುವವರಿಗೆಂದೇ ಇಟ್ಟ ಹೆಸರಿನಂತಿದೆ. ಜನನಿಯ ಅಣ್ಣ ಅಭಿಗೆ ಐದು ವರ್ಷ, ಅವನಿಗೆ ಇನ್ನೊಂದು ಆಟ. "ವಿಜಯನಗರದಿಂದ 'ವಿ' ತೆಗೆದರೆ?" ಅಂದೆ. ಎರಡು ಕ್ಷಣ ಸುಮ್ಮನಿದ್ದ. "ಜಯನಗರ!" ಎಂದು ಬೋಗಿಗೆಲ್ಲ ಕೇಳುವಂತೆ ಕೂಗಿದ. ಪದದಿಂದ ಒಂದು ಸದ್ದನ್ನು ಕಿತ್ತು ಉಳಿದದ್ದನ್ನು ಹೇಳುವುದು ಓದಿನ ಸಂಶೋಧಕರು ಬಳಸುವ ಪರೀಕ್ಷೆಯೇ. ಎರಡೂವರೆ ವರ್ಷಕ್ಕೆ ಅದು ಆಗುವುದಿಲ್ಲ, ಕೇಳಲೂಬಾರದು. ಅವಳಿಗೆ ಚಪ್ಪಾಳೆ ಸಾಕು.

ಮೊನ್ನೆ ಬೆಳಿಗ್ಗೆ ಮತ್ತೆ ಅವರ ಮನೆಯಲ್ಲಿದ್ದೆ. ಜನನಿ ಹಾಲಿನ ಪ್ಯಾಕೆಟ್ ಎತ್ತಿಕೊಂಡು ಬಂದಳು, ಆದರೆ 'ನಂದಿನಿ' ಅನ್ನಲಿಲ್ಲ. ತನ್ನ ಲೋಟವನ್ನು ತಂದು ಪಕ್ಕದಲ್ಲಿಟ್ಟಳು. ಲೋಟದ ಮೇಲಿನ ತನ್ನ ಹೆಸರನ್ನು ನೋಡಿದಳು, ಪ್ಯಾಕೆಟ್ಟನ್ನು ನೋಡಿದಳು. ಆಮೇಲೆ ಪ್ಯಾಕೆಟ್ಟಿನ ಕೊನೆಯ ಅಕ್ಷರದ ಮೇಲೆ, 'ನಿ' ಮೇಲೆ, ಬೆರಳಿಟ್ಟು ಹೇಳಿದಳು:

"ದೊಡ್ಡಮ್ಮ, ಇದು ನಂದು."