ಗಾಮಾ ಕಿರಣ ಸ್ಫೋಟ: ಮಿಂಚು ಆರಿದ ಮೇಲೆ ಉಳಿಯುವ ಬೆಳಕು

2025ರ ಮಾರ್ಚ್ 14ರಂದು ಚೀನಾ ಮತ್ತು ಫ್ರಾನ್ಸ್‌ನ ಜಂಟಿ ಉಪಗ್ರಹ ಎಸ್‌ವಿಒಎಂ ಒಂದು ಗಾಮಾ ಕಿರಣ ಸ್ಫೋಟವನ್ನು, ಅಂದರೆ ಬಾಹ್ಯಾಕಾಶದಿಂದ ಕ್ಷಣಕಾಲ ಹೊಮ್ಮುವ ಅತಿ ಶಕ್ತಿಯ ಗಾಮಾ ಕಿರಣಗಳ ಮಿಂಚನ್ನು, ಗುರುತಿಸಿತು. ಸುಮಾರು ಹತ್ತು ಸೆಕೆಂಡಿನ ಮಿಂಚು ಅದು. ಆದರೆ ಜೇಮ್ಸ್ ವೆಬ್ ದೂರದರ್ಶಕ ಆ ಜಾಗವನ್ನು ನೋಡಿದ್ದು ಜುಲೈ 1ರಂದು. ಮಿಂಚು ಆರಿ ಮೂರೂವರೆ ತಿಂಗಳಾಗಿತ್ತು, ವಿಜ್ಞಾನಿಗಳು ಬೇಕೆಂದೇ ಅಷ್ಟು ದಿನ ಕಾದಿದ್ದರು. ಈ ಕಾಯುವಿಕೆಯ ಹಿಂದೆ ದೊಡ್ಡ ಕಥೆಯಿದೆ.

1963ರಲ್ಲಿ ವಾತಾವರಣದಲ್ಲೂ ಬಾಹ್ಯಾಕಾಶದಲ್ಲೂ ಅಣ್ವಸ್ತ್ರ ಪರೀಕ್ಷೆ ನಡೆಸದಂತೆ ಒಪ್ಪಂದವಾಯಿತು. ಕದ್ದು ಪರೀಕ್ಷಿಸುವವರ ಮೇಲೆ ಕಣ್ಣಿಡಲು ಅಮೆರಿಕ ವೇಲಾ ಉಪಗ್ರಹಗಳನ್ನು ಹಾರಿಸಿತು. 1967ರ ಜುಲೈ 2ರಂದು ಅವು ದಾಖಲಿಸಿದ ಗಾಮಾ ಮಿಂಚು ಯಾವ ಬಾಂಬಿನದೂ ಆಗಿರಲಿಲ್ಲ. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ ರೇ ಕ್ಲೆಬೆಸಾಡೆಲ್ ಮತ್ತು ಸಂಗಡಿಗರು ಇಂಥ 16 ಸ್ಫೋಟಗಳ ವಿವರವನ್ನು 1973ರಲ್ಲಿ ಪ್ರಕಟಿಸಿದರು.

ಆಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಕತ್ತಲೆಯೇ. ಗಾಮಾ ಕಿರಣಗಳನ್ನು ಸಾಮಾನ್ಯ ಕನ್ನಡಿಯಿಂದ ಒಂದೆಡೆ ಕೂಡಿಸಲಾಗದು, ಹಾಗಾಗಿ ಮಿಂಚು ಬಂದ ದಿಕ್ಕು ಸರಿಯಾಗಿ ಸಿಗುತ್ತಿರಲಿಲ್ಲ. ದಿಕ್ಕು ಸಿಗದೆ ದೂರ ತಿಳಿಯದು. ದೂರ ತಿಳಿಯದೆ ಸ್ಫೋಟದ ಬಲವೂ ತಿಳಿಯದು. 1991ರಲ್ಲಿ ಹಾರಿದ ಕಾಂಪ್ಟನ್ ಬಾಹ್ಯಾಕಾಶ ವೀಕ್ಷಣಾಲಯ ಒಂಬತ್ತು ವರ್ಷಗಳಲ್ಲಿ 2,704 ಸ್ಫೋಟಗಳನ್ನು ಎಣಿಸಿತು. ಅವು ಆಕಾಶಗಂಗೆಯ ಪಟ್ಟಿಯಲ್ಲಿ ಒತ್ತಾಗಿರದೆ ಎಲ್ಲ ದಿಕ್ಕಿನಲ್ಲೂ ಸಮನಾಗಿ ಹರಡಿದ್ದವು. ಹಾಗಾದರೆ ಇವು ಬಲು ದೂರದವು ಎಂದು ಖಗೋಳ ವಿಜ್ಞಾನಿ ಬೋಹ್ದಾನ್ ಪಚಿನ್‌ಸ್ಕಿ ವಾದಿಸಿದರು. ನಮ್ಮ ಗೆಲಾಕ್ಸಿಯನ್ನು ಸುತ್ತುವರಿದ ಪ್ರಭಾವಲಯದಿಂದಲೇ ಬರುತ್ತಿರಬಹುದು ಎಂದವರೂ ಇದ್ದರು.

ಗಂಟು ಬಿಚ್ಚಿದ್ದು 1997ರ ಫೆಬ್ರುವರಿ 28ರ ಸ್ಫೋಟ. ಇಟಲಿ ಮತ್ತು ನೆದರ್‌ಲೆಂಡ್ಸ್‌ನ ಬೆಪ್ಪೊಸ್ಯಾಕ್ಸ್ ಉಪಗ್ರಹ ಕೆಲವೇ ಗಂಟೆಗಳಲ್ಲಿ ಅತ್ತ ತಿರುಗಿ, ಮಿಂಚಿನ ಹಿಂದೆ ಉಳಿದಿದ್ದ ಎಕ್ಸ್‌ರೇ ಬೆಳಕನ್ನು ಹಿಡಿಯಿತು. ಯಾನ್ ವಾನ್ ಪ್ಯಾರಡೈಸ್ ಅವರ ತಂಡಕ್ಕೆ ಲಾ ಪಾಲ್ಮಾದ ವಿಲಿಯಂ ಹರ್ಷಲ್ ದೂರದರ್ಶಕದಲ್ಲಿ ಅದೇ ಜಾಗದಲ್ಲಿ ಮಂಕಾಗುತ್ತಿದ್ದ ಚುಕ್ಕಿಯೊಂದು ಸಿಕ್ಕಿತು. ಮಾರ್ಚ್ ಕೊನೆಯಲ್ಲಿ ಹಬಲ್ ಬಾಹ್ಯಾಕಾಶ ದೂರದರ್ಶಕ ನೋಡಿದಾಗ ಚುಕ್ಕಿಯ ಪಕ್ಕದಲ್ಲೊಂದು ಮಬ್ಬು ಕಲೆ. ಅದು ದೂರದ ಗೆಲಾಕ್ಸಿಯೋ, ಹತ್ತಿರದ ಸ್ಫೋಟದ ಅವಶೇಷವೋ? ಚುಕ್ಕಿ ಆಕಾಶದಲ್ಲಿ ಸರಿಯುತ್ತಿದೆ, ಅಂದರೆ ಹತ್ತಿರದಲ್ಲೇ ಇದೆ ಎಂಬ ವಾದವೂ ಎದ್ದಿತು. ಸೆಪ್ಟೆಂಬರಿನಲ್ಲಿ ಹಬಲ್ ಮತ್ತೆ ನೋಡಿತು. ಚುಕ್ಕಿ ಇನ್ನಷ್ಟು ಮಂಕಾಗಿತ್ತು, ಸರಿದಿರಲಿಲ್ಲ. ಕಲೆ ಮಾತ್ರ ಇದ್ದಂತೆಯೇ ಇತ್ತು. ಅಲ್ಲಿರುವುದು ಒಂದು ಇಡೀ ಗೆಲಾಕ್ಸಿ! ಅಷ್ಟರಲ್ಲಿ ಮೇ 8ರ ಇನ್ನೊಂದು ಸ್ಫೋಟದ ಬೆಳಕನ್ನು ಕೆಕ್ ದೂರದರ್ಶಕ ವಿಶ್ಲೇಷಿಸಿ, ಅದು ಸುಮಾರು 700 ಕೋಟಿ ವರ್ಷ ಪಯಣಿಸಿ ಬಂದದ್ದೆಂದು ತೋರಿಸಿತ್ತು. ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದ ಪುರಾವೆ ಹಬಲ್‌ನದೇ. ಒಂದೇ ಜಾಗವನ್ನು ಮತ್ತೆ ನೋಡಿ, ಆರಿದ್ದೇನು ಉಳಿದಿದ್ದೇನು ಎಂದು ಹೋಲಿಸಿದ್ದಷ್ಟೇ ಅಲ್ಲಿನ ಜಾಣ್ಮೆ.

2004ರಲ್ಲಿ ಬಂದ ಸ್ವಿಫ್ಟ್ ಉಪಗ್ರಹ ಗಂಟೆಗಳ ಕೆಲಸವನ್ನು ನಿಮಿಷಗಳಿಗೆ ಇಳಿಸಿತು. ವಾರಗಳ ನಂತರದ ನೋಟ ಮಾತ್ರ ದೊಡ್ಡ ದೂರದರ್ಶಕಗಳ ಪಾಲಿಗೇ ಉಳಿಯಿತು. 2013ರ ಜೂನ್ 3ರ ಕಿರು (ಅಲ್ಪಕಾಲದ) ಸ್ಫೋಟದ ಜಾಗದಲ್ಲಿ ಒಂಬತ್ತು ದಿನಗಳ ಬಳಿಕ ಹಬಲ್‌ಗೆ ಅವಕೆಂಪು ಬೆಳಕಿನ ಚುಕ್ಕಿ ಕಂಡಿತು, ತಿಂಗಳಾಗುವಷ್ಟರಲ್ಲಿ ಅದಿರಲಿಲ್ಲ. ನ್ಯೂಟ್ರಾನ್ ನಕ್ಷತ್ರಗಳು, ಅಂದರೆ ಸತ್ತ ಭಾರಿ ನಕ್ಷತ್ರಗಳ ಅತಿ ಸಾಂದ್ರ ತಿರುಳುಗಳು, ಡಿಕ್ಕಿಯಾದಾಗ ಹೊಳೆಯುವ ಕಿಲೋನೋವಾದ ಸುಳಿವು ಅದು. 2023ರ ಮಾರ್ಚ್ 7ರ ದೀರ್ಘ ಸ್ಫೋಟವನ್ನು ವೆಬ್ 29 ಮತ್ತು 61 ದಿನಗಳ ಬಳಿಕ ನೋಡಿದಾಗ ಇಂಥ ಡಿಕ್ಕಿಯಲ್ಲಿ ಹುಟ್ಟುವ ಟೆಲ್ಲೂರಿಯಂ ಎಂಬ ಭಾರ ಧಾತುವಿನ ಗುರುತು ಸಿಕ್ಕಿತು. ದೀರ್ಘ ಸ್ಫೋಟವೆಂದರೆ ಭಾರಿ ನಕ್ಷತ್ರದ ಸಾವು, ಕಿರು ಸ್ಫೋಟವೆಂದರೆ ಡಿಕ್ಕಿ ಎಂಬ ಹಳೆಯ ವಿಂಗಡಣೆ ಅಲ್ಲಿ ಸಡಿಲವಾಯಿತು.

ಇನ್ನು 2025ರ ಸ್ಫೋಟ. ವಿಶ್ವಕ್ಕೆ ಬರೀ 73 ಕೋಟಿ ವರ್ಷ ವಯಸ್ಸಾಗಿದ್ದಾಗ ಹೊರಟ ಬೆಳಕು ಅದು. ವಿಶ್ವ ಹಿಗ್ಗುತ್ತ ಬಂದಿರುವುದರಿಂದ ಅಲ್ಲಿಯ ಒಂದು ದಿನ ನಮಗೆ ಎಂಟು ದಿನಕ್ಕೂ ಹೆಚ್ಚಾಗಿ ಕಾಣುತ್ತದೆ. ನಮ್ಮ 109 ದಿನಗಳು ಅಲ್ಲಿಯ ಸುಮಾರು 13 ದಿನ. ಭಾರಿ ನಕ್ಷತ್ರ ಸಿಡಿದು ಸಾಯುವಾಗ ಹೊಳೆಯುವ ಸೂಪರ್‌ನೋವಾ ಚೆನ್ನಾಗಿ ಬೆಳಗುವ ಹೊತ್ತು ಅದು, ವೆಬ್ ಕಾದದ್ದೂ ಅದಕ್ಕೇ. ವೆಬ್‌ಗೆ ಕಂಡ ಬೆಳಕು ನಮ್ಮ ಸಮೀಪದ ಸೂಪರ್‌ನೋವಾಗಳನ್ನೇ ಹೋಲುತ್ತಿತ್ತು. ಆ ಬೆಳಕಿನಲ್ಲಿ ಗೆಲಾಕ್ಸಿಯ ಪಾಲೆಷ್ಟು ಎಂಬುದನ್ನು ಖಚಿತಪಡಿಸಲು, ಸೂಪರ್‌ನೋವಾ ಆರಿದ ಮೇಲೆ ಒಂದೆರಡು ವರ್ಷ ಬಿಟ್ಟು ಅದೇ ಜಾಗವನ್ನು ಮತ್ತೆ ನೋಡಬೇಕು. 1997ರಲ್ಲಿ ಹಬಲ್ ಮಾಡಿದ್ದೂ ಅದನ್ನೇ.